ಉಣ್ಣಿಗೆ ಇಟ್ಟ ಬೆಂಕಿ

ಬಿ.ಎ. ಪಾಸಾಗಿ ಊರಿಗೆ ಮರಳಿದ್ದ ನಿಂಗನಗೌಡ ಜ್ವರದ ಔಷಧಕ್ಕಾಗಿ ರೋಣದ ದವಾಖಾನಿಯ ಕಟ್ಟೆಯ ಮೇಲೆ ಕಾದು ಕುಳಿತಿದ್ದ. ಪಕ್ಕದಲ್ಲಿ ಮೆಣಸಗಿಯ ಫಕೀರವ್ವ ಮತ್ತು ಅವಳ ಮೈದುನ ದ್ಯಾಮಣ್ಣ. ಎತ್ತು ತಿವಿದು ಹೊಟ್ಟೆ ಸೀಳಿದ ಅವಳ ಗಂಡ ಕಳಕಪ್ಪನನ್ನು ಒಳಗೆ ಹೊಲಿಯುತ್ತಿದ್ದರು. ಇಬ್ಬರ ಬಟ್ಟೆಗೂ ಅವನ ರಕ್ತ ಹತ್ತಿತ್ತು. ಅವರ ಮಾತು ನಿಂಗನಗೌಡನಿಗೆ ಕೇಳುತ್ತಿತ್ತು.

“ಮನೀಗಿ ಹೋದಕೂಡ್ಲೆ ಆ ಎತ್ತಿನ ತಲಿ ಕಬ್ಬಿಣದ ಹಾರಿಲೆ ಒಡೀತೀನಿ, ಅತ್ತಿಗಿ.”

“ಒಡಿ. ಅದರ ಮೈಮ್ಯಾಲಿನ ಉಣ್ಣಿ ಇಳದು ಗ್ವಾಡಿ ಸಂದ್ಯಾಗ ಸೇರತಾವ. ಆಮ್ಯಾಲ ಜೋಡೆತ್ತಿಗೆ ಹತ್ತತಾವ. ಅದನ್ನೂ ಒಡಿ.”

“ಅಣ್ಣನ ಕರುಳ ಹೊರಗ ಬಂದಿತ್ತು. ನಿನಗ ಎತ್ತಿಂದ ಚಿಂತಿ.”

“ನಿಮ್ಮಪ್ಪ ಉಣ್ಣಿ ಕೈಲೆ ಕಿತ್ತು ಕುಳ್ಳಿನ ಬೆಂಕ್ಯಾಗ ಒಗೀತಿದ್ದ, ಬೇವಿನೆಣ್ಣಿ ಹಚ್ಚತಿದ್ದ. ಚಿಮಣಿ ಎಣ್ಣಿ ಅರಿವಿ ಉರಿಸಿ ಎತ್ತಿನ ಕಿವಿಗೆ ಹಿಡಿ ಅಂತ ನಿಮ್ಮಣ್ಣಗ ಹೇಳಿದಾಂವ ಯಾರು?”

“ನಾನ. ಲಗೂ ಸಾಯತಾವ ಅಂತ.”

“ಕಿವಿ ಸುಟ್ಟರ ನೀ ಆದರೂ ಸುಮ್ನ ನಿಂದರತಿದ್ದೇನು?”

“ನಾ ಹಿಡಿದ ಹಗ್ಗ ಹರಿಯದ ಇದ್ದಿದ್ರ ಏನೂ ಆಗತಿದ್ದಿಲ್ಲ.”

“ಅದ ಹಗ್ಗಲೆ ಎತ್ತು ಕಂಬಕ್ಕ ಕಟ್ಟಿ ಬಂದೀನಿ, ದ್ಯಾಮಣ್ಣ. ಎಲ್ಲೂ ಹರದಿಲ್ಲ.”

ದ್ಯಾಮಣ್ಣ ತನ್ನ ಅಂಗೈ ನೋಡಿಕೊಂಡ.

“ಕೋಡು ನನ್ನ ಕಡೆ ತಿರುಗಿತು. ಹಗ್ಗ ಬಿಟ್ಟೆ.”

ಕಂಪೌಂಡರ್ ಬಾಗಿಲಿಗೆ ಬಂದ. “ಕಳಕಪ್ಪಗ ಎಚ್ಚರಾಗೇತಿ. ಒಬ್ರು ಬರ್ರಿ.”

ಫಕೀರವ್ವ ಏಳಲಿಲ್ಲ. “ನೀ ಹೋಗು. ಹಳೇ ಹಗ್ಗ ಕೊಟ್ಟೆ ಅಂತ ನಿಮ್ಮಣ್ಣ ದಾರಿಯುದ್ದಕ್ಕೂ ತನ್ನ ತಾನ ಬೈಕೋತ ಬಂದಾನ. ಖರೇ ಹೇಳು.”

ದ್ಯಾಮಣ್ಣ ರುಮಾಲು ಬಿಚ್ಚಿ ಕಟ್ಟೆಯ ಮೇಲಿಟ್ಟು, ಬರಿದಲೆಯಲ್ಲಿ ಒಳಗೆ ಹೋದ.