ಮರೆವ್ವನ ಫ್ರಿಜ್ಜು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆಯ ಎಡಭಾಗ ಬೋಳಿಸಿಕೊಂಡು ಪೀಣ್ಯದಿಂದ ಈ ಸಿಂಗಸಂದ್ರದವರೆಗೆ ನಡೀತೀನಿ. ಬಲಭಾಗ ಯಾಕೆ ಬಿಡ್ತೀನಿ ಅಂದ್ರೆ, ನಿಮ್ಮತ್ತೆ ಹೆದರೋದು ಅದೊಂದಕ್ಕೇ. ನಿವೇದಿತಾ, ನಗಬೇಡ, ಮೊಬೈಲ್ ಕೆಳಗಿಡು. ಕರೆಂಟ್ ಬರೋಷ್ಟರಲ್ಲಿ ಮುಗಿಸ್ತೀನಿ.

ಎರಡು ಸಾವಿರದ ಒಂಬತ್ತರ ಬೇಸಿಗೆ. ಪೀಣ್ಯದಲ್ಲಿ ನನ್ನದೊಂದು ಗುಜರಿ ಶೆಡ್ಡಿತ್ತು. ಹಳೇ ಫ್ರಿಜ್ಜು, ವಾಷಿಂಗ್ ಮಿಷನ್ನು, ಏನೇ ಬರಲಿ, ಬಿಚ್ಚಿ ತಾಮ್ರ ಬೇರೆ, ತಗಡು ಬೇರೆ ಮಾಡಿ ಮಾರೋದು. ಒಳ್ಳೇ ಕಾಸು ಕಣ್ರೀ! ನೀವೊಂದು ಟೀ ಕುಡಿಯೋಷ್ಟರಲ್ಲಿ ನಾನೊಂದು ಫ್ರಿಜ್ಜಿನ ಮೂಳೆಮೂಳೆ ಬೇರೆ ಮಾಡ್ತಿದ್ದೆ. ನಾನು ಸ್ಪ್ಯಾನರ್ ಹಿಡಿದು ಬಂದರೆ ನಟ್ಟುಗಳು ತಾವಾಗಿಯೇ ಸಡಿಲ ಆಗ್ತಿದ್ದವು.

ನನ್ನ ಜೊತೆ ಕೆಲಸಕ್ಕಿದ್ದವನು ನಿಂಗಪ್ಪ, ಯಾದಗಿರಿ ಕಡೆಯವನು. ಶೆಡ್ಡಿನ ಹಿಂದೆ ಶೀಟಿನ ಮನೆಯಲ್ಲಿ ಅವ್ವ ಮರೆವ್ವನ ಜೊತೆ ಬಾಡಿಗೆಗಿದ್ದ. ಮರೆವ್ವನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ. ಔಷಧಿ ತಣ್ಣಗಿರಬೇಕು. ಮಧ್ಯಾಹ್ನವಾದರೆ ಆ ಮನೆ ಕಾದ ಹೆಂಚು. ಪಾಪ, ನಿಂಗಪ್ಪ ಸೀಸೆಯನ್ನು ಮಡಕೆ ನೀರಿನಲ್ಲಿ ಮುಳುಗಿಸಿ ಇಡ್ತಿದ್ದ. ದಿನವಿಡೀ ಫ್ರಿಜ್ಜು ಒಡೆಯೋನ ಮನೇಲಿ ಒಂದು ಫ್ರಿಜ್ಜಿಲ್ಲ.

ಒಂದು ಭಾನುವಾರ ನಮಗೊಂದು ಗಾಜಿನ ಪೆಟ್ಟಿಗೆ ಸಿಕ್ಕಿತು. ಅದೇ, ದೂರದ ನೆಂಟರು ಬರೋ ತನಕ ಹೆಣ ಕೆಡದ ಹಾಗೆ ಮನೆ ಮುಂದೆ ಇಡ್ತಾರಲ್ಲ, ಆ ಫ್ರೀಜರ್ ಬಾಕ್ಸ್. ಗಾಜು ಒಡೆದಿತ್ತು, ಬಾಡಿಗೆಗೆ ಕೊಡೋನು ನಮಗೆ ಮಾರಿದ. ತಳ್ಳೋಗಾಡಿ ಮೇಲೆ ಹಾಕಿಕೊಂಡು ವಾಪಸ್ ಬರುವಾಗ ರಾತ್ರಿ ಹನ್ನೊಂದು ದಾಟಿತ್ತು. ದಾರೀಲಿ ಒಂದು ಹಾಳು ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಗಾಡಿ ಚಕ್ರ ಕಿರ್ರ್... ಕಿರ್ರ್... ಅಂತಿತ್ತು. ಬಾವಿ ಹತ್ತಿರ ಸುಧಾರಿಸಿಕೊಳ್ಳೋಕೆ ನಿಂತೆವು. ಚಕ್ರದ ಸದ್ದು ನಿಂತಿತು. ಆಗ...

ಗುರ್ರ್‌ರ್‌ರ್...

ಸಣ್ಣಗೆ. ಕಂಪ್ರೆಸರ್ ಓಡುವ ಸದ್ದು. ಪೆಟ್ಟಿಗೆಯ ವೈರು ನೋಡಿದರೆ ಗಾಡಿಯಿಂದ ಕೆಳಗೆ ಜೋತಾಡ್ತಿದೆ.

"ಅಣ್ಣಾ... ಕೇಳಿಸ್ತೇನು?"

"ಫ್ಯಾಕ್ಟರಿ ಜನರೇಟರ್ ಕಣೋ."

"ಇವತ್ತು ರಜಾ ಐತಲ್ಲಣ್ಣಾ..."

"ತಳ್ಳೋ ಸುಮ್ನೆ."

ನಾನು ಹೆದರಲಿಲ್ಲ. ಆಮೇಲೆ ಗಾಡಿ ಅಷ್ಟು ಜೋರಾಗಿ ಓಡಿದ್ದು ರಸ್ತೆ ಇಳಿಜಾರಿದ್ದಿದ್ದಕ್ಕೆ.

ಬೆಳಿಗ್ಗೆ ಬಿಚ್ಚಿದರೆ ಕಂಪ್ರೆಸರ್ ಹೊಸದರ ಹಾಗಿದೆ. ಶೆಡ್ಡಿನಲ್ಲಿ ಕಂಪ್ರೆಸರ್ ಸತ್ತ ಒಂದು ಕೆಂಪು ಫ್ರಿಜ್ಜೂ ಇತ್ತು. ಇದನ್ನ ಅದಕ್ಕೆ ಹಾಕಿದರೆ ಅವ್ವನ ಔಷಧಿಗೆ ಆಯ್ತು ಅಂದ ನಿಂಗಪ್ಪ. "ಬೇಡ ಕಣೋ, ಹೆಣದ ಪೆಟ್ಟಿಗೇದು, ಅವ್ವ ಇರೋ ಮನೆ" ಅಂತ ನಾನು ಖಡಾಖಂಡಿತವಾಗಿ ಹೇಳಿದೆ. ಕೇಳಬೇಕಲ್ಲ. ಪೆಟ್ಟಿಗೆಯ ಕಂಪ್ರೆಸರ್ರೂ, ತಂಪು ಎಷ್ಟಿರಬೇಕು ಅಂತ ನೋಡಿಕೊಳ್ಳೋ ಅದರ ಥರ್ಮೋಸ್ಟಾಟೂ ಕೆಂಪು ಫ್ರಿಜ್ಜಿಗೆ ಸೇರಿದವು, ಫ್ರಿಜ್ಜು ಮರೆವ್ವನ ಮನೆ ಸೇರಿತು.

ಏನು ತಣ್ಣಗಂತೀರಿ! ಸಾರು ಇಟ್ಟರೆ ಬೆಳಿಗ್ಗೆ ಕಲ್ಲು. ಇನ್ಸುಲಿನ್ ಸೀಸೆಯೂ ರಾತ್ರಿ ಗಡ್ಡೆ ಕಟ್ಟೋದು. ಬೆಳಿಗ್ಗೆ ನಿಂಗಪ್ಪ ಅದನ್ನ ಅಂಗೈಯಲ್ಲಿ ಉಜ್ಜಿ, ಕರಗಿಸಿ, ಅವ್ವನಿಗೆ ಚುಚ್ಚೋನು. ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೇದು ಅಂದ್ಕೊಂಡಿದ್ವಿ ನಾವು.

ನಾಲ್ಕನೇ ದಿನ ಮರೆವ್ವ ನನ್ನನ್ನ ಹತ್ತಿರ ಕರೆದು ಪಿಸುಗುಟ್ಟಿದಳು.

"ರಾತ್ರಿ ಅದು ಕೇಳ್ತದಪ್ಪಾ... ಎಲ್ಲಾರೂ ಬಂದ್ರೇನು ಅಂತ."

"ಯಾವುದು, ಫ್ರಿಜ್ಜಾ? ಅದಕ್ಕೆ ಕನ್ನಡ ಬರುತ್ತಾ?"

"ಬರ್ತದ. ನಿನಗಿಂತ ಮೆತ್ತಗ ಮಾತಾಡ್ತದ."

"ನೀನೇನಂದೆ?"

"ದೊಡ್ಡ ಮಗ ಇನ್ನಾ ಬಂದಿಲ್ಲ ಅಂದೆ."

ದೊಡ್ಡ ಮಗ ಗದಿಗೆಪ್ಪ, ಪುಣೆಯಲ್ಲಿ ಗಾರೆ ಕೆಲಸಕ್ಕಿದ್ದ.

ಅವತ್ತು ನಾನೇ ಆ ಮನೆಯಲ್ಲಿ ಮಲಗಿದೆ. ದೆವ್ವ ಬಂದರೆ ಬಿಚ್ಚಿ ತೂಕಕ್ಕೆ ಹಾಕ್ತೀನಿ ಅಂತ ಹೇಳಿಯೇ ಮಲಗಿದ್ದು. ಒಂದು ಗಂಟೆ ಇರಬೇಕು... ಗುರ್ರ್ ಅಂತಿದ್ದ ಕಂಪ್ರೆಸರ್ ಟಕ್ ಅಂತ ನಿಂತಿತು. ಪ್ಚ್... ಬಾಗಿಲಿನ ರಬ್ಬರ್ ಬಿಟ್ಟುಕೊಳ್ಳುತ್ತಲ್ಲ, ಆ ಸದ್ದು. ಕಾಲಿಗೆ ತಣ್ಣನೆ ಗಾಳಿ. ಆಮೇಲೆ...

"ಎಲ್ರೂ... ಬಂದ್ರಾ?"

ಪಕ್ಕದಲ್ಲಿ ಮರೆವ್ವ, ಮಗುವಿಗೆ ಸಮಾಧಾನ ಹೇಳೋ ಹಾಗೆ, "ಇನ್ನಾ ಇಲ್ಲ" ಅಂದಳು. ನಾನು? ನಾನು ಕಂಬಳಿ ತಲೆ ಮೇಲೆ ಎಳ್ಕೊಂಡೆ.

ಎಂಟು ದಿನಕ್ಕೆ ಮರೆವ್ವ ಎದ್ದು ಕೂರದ ಹಾಗಾದಳು. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಸಕ್ಕರೆ ಮಿತಿ ಮೀರಿತ್ತು. ನರ್ಸ್ ಸೀಸೆ ನೋಡಿ, "ಇದು ಗಡ್ಡೆ ಕಟ್ಟಿತ್ತಾ? ಗಡ್ಡೆ ಕಟ್ಟಿದ ಇನ್ಸುಲಿನ್ ಕರಗಿಸಿ ಕೊಟ್ಟರೂ ಕೆಲಸ ಮಾಡಲ್ಲ ಅಣ್ಣ" ಅಂದಳು. ನಿಂಗಪ್ಪ ತನ್ನ ಅಂಗೈ ನೋಡಿಕೊಂಡ. ಮರುದಿನ ಬೆಳಿಗ್ಗೆ ಮರೆವ್ವ ಹೋದಳು.

ಹೆಣ ಮನೆಗೆ ತಂದೆವು. ಗದಿಗೆಪ್ಪ ಪುಣೆ ಬಸ್ಸಿನಲ್ಲಿದ್ದ. ವಠಾರದವರು ಬಾಕ್ಸ್ ತರಿಸೋಣ ಅಂದರು. "ಬ್ಯಾಡ, ಆ ಪೆಟ್ಟಿಗಿ ಬ್ಯಾಡ" ಅಂದ ನಿಂಗಪ್ಪ. ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತು, ವೈರು ಸುತ್ತಿ ಅದರ ತಲೆ ಮೇಲಿಟ್ಟ. ಇಟ್ಟಿದ್ದನ್ನ ನಾನೇ ನೋಡಿದೆ.

ರಾತ್ರಿಯೆಲ್ಲ ತಲೆ ಹತ್ತಿರ ದೀಪ ಇಟ್ಟು ಕೂತಿದ್ವಿ. ರಾತ್ರಿಯೆಲ್ಲ ಗುರ್ರ್... ಅಂತ ಸದ್ದು. ಯಾರೂ ಆ ಮೂಲೆ ಕಡೆ ತಿರುಗಲಿಲ್ಲ. ಶೀಟಿನ ಮನೆ, ಏಪ್ರಿಲ್ ತಿಂಗಳು... ನಾವೆಲ್ಲ ಶಾಲು ಹೊದ್ದು ನಡುಗ್ತಿದ್ವಿ.

ಬೆಳಗಿನ ಜಾವ ಮೂರೂವರೆಗೆ ಗದಿಗೆಪ್ಪ ಬ್ಯಾಗು ಹಿಡಿದು ಬಾಗಿಲಿಗೆ ಬಂದ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ.

ಟಕ್.

ನಿಂತುಹೋಯ್ತು. ವೈರು ಸುತ್ತಿದ ಹಾಗೇ ತಲೆ ಮೇಲಿತ್ತು.

ಇದು ನಡೆದದ್ದು. ಬೇಕಿದ್ದರೆ ಗದಿಗೆಪ್ಪನನ್ನ ಕೇಳಿ. ನಿಂಗಪ್ಪನನ್ನ ಕೇಳೋಕಾಗಲ್ಲ, ಅವನು ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಒಂದೇ ಒಂದು ಸಣ್ಣ ವಿಷಯ ನಾನು ಬದಲಾಯಿಸಿದೆ. ಆ ಕಂಪ್ರೆಸರ್ ಹಾಕೋಣ ಅಂದಿದ್ದು ನಾನು. ಬೇಡ ಅಂದಿದ್ದು ಅವನು.

ನಿವೇದಿತಾ, ಒಳಗೆ ಬ್ಲೇಡ್ ಇದ್ದರೆ ತಗೊಂಡು ಬಾ.