ಉಜ್ಜಿಬಿಟ್ಟ ಬೆಸುಗೆ

ನಾನು ಬಸ್ಸಿಗೆ ಕಾಯುವ ಗಿರಾಕಿಯಲ್ಲ ಸ್ವಾಮಿ, ಬಸ್ಸೇ ನನಗೆ ಕಾಯಬೇಕು. ಮೊನ್ನೆ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಬಿಡಿಭಾಗ ಜೋಡಿಸಿ ಮಾಡಿದ, ಇನ್ನೂ ಬಣ್ಣ ಕಾಣದ ಪುಟ್ಟ ಪ್ಲಾಸ್ಟಿಕ್ ಹಡಗು.

“ಈ ಪಕ್ಕದಲ್ಲಿ ಉಬ್ಬುಗೆರೆ ಇತ್ತಲ್ಲ, ಎಲ್ಲಿ ಹೋಯ್ತೋ?” ಅಂದಳು ಅಕ್ಕ.

“ಬಣ್ಣ ಹಚ್ಚೋ ಮುಂಚೆ ಅಚ್ಚಿನ ಗೆರೆ ಎಲ್ಲಾ ತೆಗೀಬೇಕು ಕಣಕ್ಕ. ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ನೈಸ್ ಮಾಡಿದೀನಿ, ಮುಟ್ಟಿ ನೋಡು.”

“ಅದು ಅಚ್ಚಿನ ಗೆರೆ ಅಲ್ವೋ ಪೆದ್ದ, ಬೆಸುಗೆ. ಅಪ್ಪ ಇಂಥದೇ ಹಡಗಿಗೆ ಬೆಸುಗೆ ಹಾಕಿ ನಮ್ಮನ್ನ ಸಾಕಿದ್ದು.”

“ಅಯ್ಯೋ. ನಾಳೆ ಅವರ ರಿಟೈರ್ಮೆಂಟು. ಇದನ್ನ ಹೇಗೆ ಕೊಡ್ಲಿ?”

“ಬಿಡಿಭಾಗ ಬಂದ ಡಬ್ಬೀಲಿ ಉಳಿದ ಪ್ಲಾಸ್ಟಿಕ್ ಕಡ್ಡಿ ಇದ್ಯಾ?”

“ಇದೆ. ಮೇಣದಬತ್ತಿಗೆ ಹಿಡಿದು ಎಳೆದ್ರೆ ದಾರದ ಹಾಗೆ ಬರತ್ತೆ, ಗೆರೆ ಥರ ಅಂಟಿಸಬಹುದು. ಆದ್ರೆ ನನ್ ಕೈಲಿ ನೆಟ್ಟಗೆ ಕೂರಲ್ಲ.”

“ನಿನಗ್ಯಾರು ಮಾಡು ಅಂದ್ರು? ಹಡಗು, ಕಡ್ಡಿ, ಬತ್ತಿ ಮೂರನ್ನೂ ಅಪ್ಪನ ಮುಂದಿಡು. ಕೊನೇ ಬೆಸುಗೆ ಅವರೇ ಹಾಕ್ಲಿ.”

“ಬೈದ್ರೆ?”

“ಬೈತಾರೆ. ಬೈತಾ ಬೈತಾನೇ ಹಾಕ್ತಾರೆ.”

ಬಸ್ಸು ಬಂತು. ಹಡಗನ್ನು ಹಸುಗೂಸಿನಂತೆ ಎತ್ತಿಕೊಂಡು ಇಬ್ಬರೂ ಹತ್ತಿದರು. ನಿಜ ಹೇಳಿಬಿಡುತ್ತೇನೆ, ಅದು ನನ್ನದೇ ಬಸ್ಸು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ, ಅದು ಕಾಯಲಿಲ್ಲ.