ಬೋಗುಣಿ ತಂದ ಅಜ್ಜಿ

ಹೊಂಡುರಾಸಿನ ಸಣ್ಣ ಊರಿನ ಜೈಲಿನ ಮುಂದೆ, ಪವಿತ್ರ ಗುರುವಾರದ ಬೆಳಿಗ್ಗೆ, ಮಗನಿಗೆ ಜೋಳದ ರೊಟ್ಟಿ ತಂದಿದ್ದ ಕಸಿಲ್ದಾ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ನೀರು ತುಂಬಿದ ಬೋಗುಣಿ ಹಿಡಿದ ಒಬ್ಬ ಅಜ್ಜಿ, ಜೊತೆಗೆ ಅಜ್ಜಿಯ ಪಕ್ಕದ ಮನೆಯವಳು.

"ಬೋಗುಣಿ ಯಾಕಜ್ಜಿ?" ಕಸಿಲ್ದಾ ಕೇಳಿದಳು.

"ನಮ್ಮ ಚರ್ಚಿನ ಸಿಸ್ಟರ್ ಒಳಗಿದಾರಲ್ಲ, ಗಣಿ ಲಾರಿಗೆ ಅಡ್ಡ ಕೂತಿದ್ದಕ್ಕೆ. ಪ್ರತಿ ವರ್ಷ ಇವತ್ತು, ಯೇಸು ಶಿಷ್ಯರ ಕಾಲು ತೊಳೆದ ಹಾಗೆ, ನಮ್ಮ ಕಾಲು ತೊಳೀತಿದ್ರು. ಈ ಸಲ ನಾನು ಅವರದ್ದು ತೊಳೀತೀನಿ."

"ನೀನು ನಾಚ್ಕೊಂಡು ಮನೇಲೇ ಉಜ್ಜಿ ಉಜ್ಜಿ ತೊಳ್ಕೊಂಡು ಹೋಗ್ತಿದ್ದೆ!" ಎಂದಳು ಪಕ್ಕದ ಮನೆಯವಳು.

"ಎಲ್ರೂ ಹಾಗೇ ಕಣೇ. ಪಾಪ, ಅವರಿಗೆ ಒಂಚೂರು ಕೊಳೆನೂ ಉಳಿಸ್ತಿರಲಿಲ್ಲ."

"ಅವರೂ ತೊಳ್ಕೊಂಡು ಕೂತಿದ್ರೆ?"

"ಒಳಗೆ ಕುಡಿಯೋಕೇ ನೀರಿಲ್ವಂತೆ. ಈ ಸಲ ನಿಜವಾದ ಕೊಳೆ."

"ಸರಿ, ಒರೆಸೋಕೆ ಬಟ್ಟೆ?"

"ಅಯ್ಯೋ, ಮರೆತೇಬಿಟ್ಟೆ!"

ಗೇಟು ತೆರೆಯಿತು. ಕಸಿಲ್ದಾ ರೊಟ್ಟಿ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಅಜ್ಜಿಯ ಹೆಗಲಿಗೆ ಹಾಕಿದಳು. ಅದಿನ್ನೂ ಬೆಚ್ಚಗಿತ್ತು.